ನಿಧಾನವಾಗಿ ಹತ್ತುವ ವಿದ್ಯೆ

"ಮೇಷ್ಟ್ರೇ, ನಮ್ಮನೆ ಮಾಣಿಗೆ ನೀವಾದ್ರೂ ಒಂಚೂರು ಹೇಳಿ ಮಾರಾಯ್ರೇ. ನನ್ನ ಮಾತು ಅವನ ಕಿವಿಗೆ ಹೋಗ್ತಾ ಇಲ್ಲ" ಎನ್ನುತ್ತಾ ಸಾಗರದ ಕಡೆಯ ಅಡಿಕೆ ಬೆಳೆಗಾರ ಮಿತ್ರರೊಬ್ಬರು ದೀಪಾವಳಿ ಕಳೆದ ವಾರ ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತರು. ಹಿಂದೆಯೇ ಮಾಣಿಯೂ ಬಂದು ಕಂಬಕ್ಕೆ ಒರಗಿ ನಿಂತ. ಡಿಪ್ಲೊಮಾ ಎರಡನೆಯ ವರ್ಷ, ಮೆಕ್ಯಾನಿಕಲ್. ನಾಲ್ಕು ದಿನದಿಂದ ಅಪ್ಪ ಮಗನ ನಡುವೆ ಮಾತಿಲ್ಲ ಎಂಬುದು ಇಬ್ಬರ ಮುಖದಲ್ಲೂ ಬರೆದಿತ್ತು.

ನಡೆದದ್ದು ಇಷ್ಟು. ಮನೆಯಲ್ಲೊಂದು ಹಳೆಯ ಫೋರ್ ವ್ಹೀಲ್ ಡ್ರೈವ್ ಪಿಕಪ್ ಇದೆ. ಮಗರಾಯ ತನ್ನ ಉಳಿತಾಯವನ್ನೆಲ್ಲ ಸುರಿದು ಅದಕ್ಕೆ ಮೂರು ಇಂಚು ದೊಡ್ಡ ಟೈರು ಹಾಕಿಸಿದ. ನೋಡಲು ಗಂಭೀರವಾಗಿಯೇ ಇತ್ತು. ಹುರುಪಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ತೋಟದ ಹಿಂದಿನ ಏರು ಹತ್ತಿಸಲು ಹೊರಟ. ಅರ್ಧ ಏರಿನಲ್ಲಿ ಕ್ಲಚ್ಚು ಸುಟ್ಟ ವಾಸನೆ ಬಂತು, ಹೊಗೆಯೂ ಬಂತು, ಗಾಡಿ ನಿಂತಿತು. ಬ್ರೇಕು ಒತ್ತಿದರೂ ಹಸಿ ಮಣ್ಣಿನಲ್ಲಿ ಟೈರು ಜಾರಿ ಪಿಕಪ್ ಹಿಂದಕ್ಕೆ ಹೊರಟಿತು. ಒಂದು ಹಲಸಿನ ಮರ ಅಡ್ಡ ಸಿಕ್ಕಿದ್ದರಿಂದ ನಿಂತಿತು. ಹಿಂದೆ ನಡೆದು ಬರುತ್ತಿದ್ದ ಕೆಲಸದವನು ಸಮಯಕ್ಕೆ ಸರಿಯಾಗಿ ಪಕ್ಕಕ್ಕೆ ಹಾರಿದ್ದರಿಂದ ಈ ಕತೆಯನ್ನು ನಾನು ಸಮಾಧಾನವಾಗಿ ಬರೆಯುವಂತಾಗಿದೆ.

"ಎಂಜಿನ್ನಿಗೆ ಪವರ್ ಸಾಲ ಸರ್" ಎಂಬುದು ಮಾಣಿಯ ತೀರ್ಮಾನ. ತನ್ನ ವಾದಕ್ಕೆ ಸಾಕ್ಷಿಯಾಗಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅಮೆರಿಕದ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಲ್ಲಿ ರುಬಿಕಾನ್ ಟ್ರೇಲ್ ಎಂಬ ಹಾದಿಯಿದೆ. ಸುಮಾರು 35 ಕಿಲೋಮೀಟರ್ ಉದ್ದ. ಹಾದಿ ಎಂದರೆ ಹಾದಿಯಲ್ಲ, ಎಮ್ಮೆ ಗಾತ್ರದ ಬಂಡೆಗಳನ್ನು ಯಾರೋ ಸುರಿದುಬಿಟ್ಟಂತೆ ಇರುವ ಜಾಗ. ಅದರ ಮೇಲೆ ಒಂದು ಹಳೆಯ ಟೊಯೋಟಾ ಪಿಕಪ್ ಹತ್ತಿ ಇಳಿಯುತ್ತಿತ್ತು. "ನೋಡಿ ಸರ್, ಎಂಥ ಪವರ್!" ಎಂದ.

ನಾನು ನೋಡಿದ್ದು ಬೇರೆಯದನ್ನು. ಆ ಪಿಕಪ್ ಓಡುತ್ತಲೇ ಇರಲಿಲ್ಲ. ಅದರ ಪಕ್ಕದಲ್ಲಿ ದಾರಿ ತೋರಿಸುತ್ತ ನಡೆಯುತ್ತಿದ್ದ ಮನುಷ್ಯ ಆಗಾಗ ನಿಂತು ಅದಕ್ಕಾಗಿ ಕಾಯುತ್ತಿದ್ದ. ಎಂಜಿನ್ ಆರಾಮವಾಗಿ ಗುರುಗುಟ್ಟುತ್ತಿತ್ತು. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರು ಇಂಥದ್ದನ್ನು ನೋಡಿರುತ್ತೀರಿ. ಕೊರಕಲು ಬಂದಾಗ ಡ್ರೈವರ್ ಗೇರಿನ ಪಕ್ಕದ ಚಿಕ್ಕ ಕೋಲನ್ನು ಎಳೆದು, ಆಮೇಲೆ ಅವಸರವೇ ಇಲ್ಲದವರ ಹಾಗೆ ಕುಳಿತುಬಿಡುತ್ತಾನೆ. ಜೀಪು ಆಮೆಯಂತೆ ಹತ್ತುತ್ತದೆ.

ಆ ಹಳೆಯ ಟೊಯೋಟಾದ ಲೆಕ್ಕವನ್ನೇ ಹಿಡಿಯೋಣ. 1985ರ ಮಾದರಿ ಎಂದರೆ ಅಲ್ಲಿನ ಬಂಡೆ ಹತ್ತುವವರಿಗೆ ಪ್ರಾಣ. ಕಾರಣ, ಮುಂದಿನ ಚಕ್ರಗಳೆರಡನ್ನೂ ಗಟ್ಟಿಯಾದ ಒಂದೇ ಆಕ್ಸಲ್ ಹೌಸಿಂಗ್ ಹೊತ್ತಿರುವ ಕೊನೆಯ ವರ್ಷ ಅದು. 1986ರಿಂದ ಅಮೆರಿಕದ ಪಿಕಪ್ಪುಗಳಿಗೆ ಕಂಪನಿ ಮುಂದಿನ ಎರಡು ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಕೊಟ್ಟಿತು. ಡಾಂಬರು ರಸ್ತೆಯಲ್ಲಿ ಅದು ಹಿತ, ಬಂಡೆಯ ಮೇಲೆ ಕಿರಿಕಿರಿ. 2.4 ಲೀಟರಿನ ಪೆಟ್ರೋಲ್ ಎಂಜಿನ್. ಶಕ್ತಿ ಸುಮಾರು 116 ಅಶ್ವಶಕ್ತಿ, ತಿರುಚು ಬಲ, ಅಂದರೆ ಟಾರ್ಕ್, ಹೆಚ್ಚೆಂದರೆ 190 ನ್ಯೂಟನ್ ಮೀಟರಿನಷ್ಟು. ಇಂದಿನ ಮಾಮೂಲಿ ಡೀಸೆಲ್ ಕಾರುಗಳಲ್ಲೇ ಇದಕ್ಕಿಂತ ಹೆಚ್ಚಿನ ಟಾರ್ಕ್ ಇರುತ್ತದೆ. ಹಾಗಾದರೆ ಅದು ಬಂಡೆ ಹತ್ತಿದ್ದು ಹೇಗೆ?

ಎಂಜಿನ್ ತಿರುಗಿದ್ದು ಚಕ್ರಕ್ಕೆ ನೇರವಾಗಿ ಹೋಗುವುದಿಲ್ಲವಲ್ಲ. ಮೊದಲು ಗೇರ್ ಬಾಕ್ಸು. ಫಸ್ಟ್ ಗೇರಿನಲ್ಲಿ ಎಂಜಿನ್ 3.93 ಸುತ್ತು ಸುತ್ತಿದರೆ ಹೊರಬರುವುದು ಒಂದೇ ಸುತ್ತು. ಅದಾದ ಮೇಲೆ ಟ್ರಾನ್ಸ್‌ಫರ್ ಕೇಸ್. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ ಅದು; ಆ ಚಿಕ್ಕ ಕೋಲು ಇರುವುದು ಇದಕ್ಕೇ. ಕೋಲನ್ನು 'ಲೋ'ಗೆ ಹಾಕಿದರೆ ಅಲ್ಲಿ ಇನ್ನೊಮ್ಮೆ 2.28 ಪಟ್ಟು ನಿಧಾನವಾಗುತ್ತದೆ. ಕೊನೆಗೆ ಆಕ್ಸಲ್ಲಿನ ಹೊಟ್ಟೆಯಲ್ಲಿರುವ ಕ್ರೌನ್ ಮತ್ತು ಪಿನಿಯನ್ ಇನ್ನೂ 4.10 ಪಟ್ಟು ನಿಧಾನ ಮಾಡುತ್ತವೆ. ಇವನ್ನು ಕೂಡಬಾರದು, ಗುಣಿಸಬೇಕು. 3.93 × 2.28 × 4.10 ಎಂದರೆ 36.7. ಎಂಜಿನ್ 36.7 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ವೇಗ ಎಷ್ಟು ಪಟ್ಟು ಇಳಿಯಿತೋ, ಘರ್ಷಣೆಯಲ್ಲಿ ಸೋರಿಹೋಗುವುದನ್ನು ಬಿಟ್ಟರೆ, ತಿರುಚು ಬಲ ಅಷ್ಟೇ ಪಟ್ಟು ಏರುತ್ತದೆ. ಬರಿಗೈಯಲ್ಲಿ ಎತ್ತಲಾಗದ ದಿಮ್ಮಿಯನ್ನು ಹಲವು ರಾಟೆಗಳ ಹಗ್ಗದಿಂದ ಎತ್ತುತ್ತಾರಲ್ಲ, ಅದೇ ವ್ಯಾಪಾರ. ಹಗ್ಗವನ್ನು ಹತ್ತು ಅಡಿ ಎಳೆದರೆ ದಿಮ್ಮಿ ಎರಡು ಅಡಿ ಏರುತ್ತದೆ. ಬಲ ಐದು ಪಟ್ಟು ಸಿಗುತ್ತದೆ.

"ಈಗ ನೀನೇ ಹೇಳು, ಚಕ್ರದ ಹತ್ತಿರ ಟಾರ್ಕ್ ಎಷ್ಟಾಯ್ತು?" ಎಂದೆ. ಮಾಣಿ 190ನ್ನು 36.7ರಿಂದ ಗುಣಿಸಿ ಏಳು ಸಾವಿರದ ಸುಮಾರು ಎಂದ. ಟೈರಿನ ವ್ಯಾಸ 28 ಇಂಚು, ಅಂದರೆ ತ್ರಿಜ್ಯ 0.36 ಮೀಟರಿನಷ್ಟು. ಭಾಗಿಸಿದರೆ ನೆಲವನ್ನು ತಳ್ಳುವ ಬಲ ಸುಮಾರು ಎರಡು ಟನ್ ತೂಕಕ್ಕೆ ಸಮ. ಆ ಪಿಕಪ್ಪಿನ ತೂಕ ಡ್ರೈವರ್, ಸಾಮಾನು ಸೇರಿ ಒಂದೂವರೆ ಟನ್ನಿನ ಆಸುಪಾಸು! ಕಾಗದದ ಮೇಲೆ ಅದು ನೆಟ್ಟಗಿನ ಗೋಡೆಯನ್ನೇ ಹತ್ತಬೇಕು. ಮಾಣಿ ತಲೆ ಕೆರೆದುಕೊಂಡ. ಪವರ್ ಸಾಲದು ಎಂಬ ವಾದ ಅಲ್ಲಿಗೇ ಬಿತ್ತು.

ಸಾಲದಿದ್ದದ್ದು ನಿಧಾನ. ಎಂಜಿನ್ ಎಂಬುದು ನಿಮಿಷಕ್ಕೆ 800 ಸುತ್ತಿಗಿಂತ ಬಹಳ ಕೆಳಗೆ ಇಳಿಯಲಾರದು, ಇಳಿಸಿದರೆ ಬಂದ್ ಆಗುತ್ತದೆ. ನಮ್ಮ ಮಾಣಿ 'ಲೋ'ಗೆ ಹಾಕದೆ ಬರೀ ಫಸ್ಟ್ ಗೇರಿನಲ್ಲಿ ಹತ್ತಿಸಿದ್ದ. (ಆ ಚಿಕ್ಕ ಕೋಲು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅಪ್ಪ ಅದನ್ನು ಹತ್ತು ವರ್ಷದಿಂದ ಮುಟ್ಟಿರಲಿಲ್ಲ.) ಟೊಯೋಟಾದ ಅಂಕಿಗಳನ್ನೇ ಇಟ್ಟುಕೊಂಡರೂ, ಫಸ್ಟ್ ಗೇರಿನಲ್ಲಿ ಎಂಜಿನ್ ಬಂದ್ ಆಗದಂತೆ ಹೋಗಬಹುದಾದ ಕನಿಷ್ಠ ವೇಗ ಗಂಟೆಗೆ 6.7 ಕಿಲೋಮೀಟರ್. ಟೈರು 31 ಇಂಚಿನದಾದರೆ 7.4. ಕಲ್ಲು ಕೊರಕಲಿನ ಏರಿನಲ್ಲಿ ಹೋಗಬೇಕಾದದ್ದು ಎರಡೋ ಮೂರೋ ಕಿಲೋಮೀಟರ್ ವೇಗದಲ್ಲಿ. ಈ ಅಂತರವನ್ನು ಯಾರಾದರೂ ನುಂಗಬೇಕಲ್ಲ? ನುಂಗುವುದು ಕ್ಲಚ್ಚು. ಅರ್ಧ ಒತ್ತಿ, ಅರ್ಧ ಬಿಟ್ಟು, ಜಾರಿಸುತ್ತ ಹೋಗುವಾಗ ಉಜ್ಜಿ ಉಜ್ಜಿ ಅದು ಬೆಂದುಹೋಗುತ್ತದೆ. ದೊಡ್ಡ ಟೈರು ಹಾಕಿಸಿದಾಗ ಮಾಣಿ ತನಗೆ ಗೊತ್ತಿಲ್ಲದೆಯೇ ಗೇರನ್ನು ಶೇಕಡ ಹತ್ತಕ್ಕೂ ಮೀರಿ ಎತ್ತರ ಮಾಡಿಕೊಂಡಿದ್ದ. ಏರು ಹತ್ತಲೆಂದು ಮಾಡಿಸಿದ ರಿಪೇರಿ ಏರಿಗೇ ಶತ್ರುವಾಯಿತು.

ರುಬಿಕಾನ್‌ನವರೂ ದೊಡ್ಡ ಟೈರು ಹಾಕುತ್ತಾರೆ, ಹಾಕದೆ ಗತಿಯಿಲ್ಲ. ಆಕ್ಸಲ್ಲಿನ ಹೊಟ್ಟೆ ಬಂಡೆಗೆ ತಾಗದಂತೆ ಎತ್ತುವುದು ಟೈರು ಮಾತ್ರ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಆಕ್ಸಲ್ ಇದ್ದಲ್ಲೇ ಇರುತ್ತದೆ. ಆದರೆ ಟೈರು ದೊಡ್ಡದಾದಷ್ಟೂ ಗೇರನ್ನು ಇಳಿಸಿಕೊಳ್ಳುತ್ತಾರೆ. 28 ಇಂಚಿನಿಂದ 35 ಇಂಚಿಗೆ ಹೋದರೆ ಒಂದೂಕಾಲು ಪಟ್ಟು. 4.10ನ್ನು ಒಂದೂಕಾಲಿನಿಂದ ಗುಣಿಸಿದರೆ 5.1. ಅಷ್ಟು ಮಾಡಿದರೆ ಹಳೆಯ ಸ್ಥಿತಿಗೆ ಬಂದ ಹಾಗಾಯಿತು, ಲಾಭವೇನಿಲ್ಲ. ಆದ್ದರಿಂದ 5.29ರ ಕ್ರೌನ್-ಪಿನಿಯನ್ ಜೋಡಿ ಹಾಕುತ್ತಾರೆ. ಹಾಕುವುದಾದರೆ ಹಿಂದಕ್ಕೂ ಮುಂದಕ್ಕೂ ಒಂದೇ ಅಳತೆಯದು ಹಾಕಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಎಂದು ಟ್ರಾನ್ಸ್‌ಫರ್ ಕೇಸಿನೊಳಗೆ ಜಗಳ ಹತ್ತುತ್ತದೆ.

ಇಲ್ಲಿ ಗಣಿತದ ಮಕ್ಕಳಿಗೆ ಒಂದು ಸ್ವಾರಸ್ಯವಿದೆ. 4.10 ಬರುವುದು ಕ್ರೌನಿನ 41 ಹಲ್ಲು, ಪಿನಿಯನ್ನಿನ 10 ಹಲ್ಲಿನಿಂದ. 5.29 ಬರುವುದು 37 ಮತ್ತು 7ರಿಂದ. ಎರಡು ಜೋಡಿಯಲ್ಲೂ 1ನ್ನು ಬಿಟ್ಟರೆ ಸಾಮಾನ್ಯ ಅಪವರ್ತನವೇ ಇಲ್ಲ. ಬೇಕೆಂದೇ ಹಾಗೆ ಮಾಡುತ್ತಾರೆ. 40 ಮತ್ತು 10 ಇಟ್ಟಿದ್ದರೆ ಪಿನಿಯನ್ನಿನ ಒಂದು ಹಲ್ಲು ಜೀವಮಾನವಿಡೀ ಕ್ರೌನಿನ ಅದೇ ನಾಲ್ಕು ಹಲ್ಲುಗಳನ್ನು ಕಡಿಯುತ್ತಿತ್ತು. ಒಂದರಲ್ಲಿ ಊನವಿದ್ದರೆ ಆ ನಾಲ್ಕೇ ಸವೆಯುತ್ತಿದ್ದವು. 41 ಮತ್ತು 10 ಆದರೆ ಪ್ರತಿಯೊಂದು ಹಲ್ಲೂ ಸರದಿಯಂತೆ ಎಲ್ಲ ಹಲ್ಲುಗಳನ್ನೂ ಭೇಟಿಯಾಗುತ್ತದೆ. ಆರನೆಯ ತರಗತಿಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ ಕಲಿತದ್ದು ಯಾತಕ್ಕೆ ಎಂದು ಕೇಳುವವರಿಗೆ ಗ್ಯಾರೇಜಿನಲ್ಲೊಂದು ಉತ್ತರ. ಇನ್ನೊಂದು ಮಾತು: ಪಿನಿಯನ್ ಏಳೇ ಹಲ್ಲಿಗೆ ಇಳಿದಾಗ ಅದು ಗಾತ್ರದಲ್ಲೂ ಚಿಕ್ಕದಾಗುತ್ತದೆ, ಸ್ವಲ್ಪ ದುರ್ಬಲವೂ ಆಗುತ್ತದೆ. ಬಿಟ್ಟಿಯಾಗಿ ಏನೂ ಸಿಗುವುದಿಲ್ಲ.

ನಿಜವಾದ ಜಾಣತನವಿರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ. ಆ ಕಾಲದ ಟೊಯೋಟಾ ಕೇಸು ಎರಡು ತುಂಡಿನದು: ಮುಂದಿನ ಅರ್ಧದಲ್ಲಿ ವೇಗ ಇಳಿಸುವ ಗೇರುಗಳು, ಹಿಂದಿನ ಅರ್ಧದಲ್ಲಿ ಹಂಚುವ ಗೇರುಗಳು. ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ಯಾರಿಗೋ ಹೊಳೆಯಿತು. ಗುಜರಿಯಿಂದ ಇನ್ನೊಂದು ಕೇಸು ತಂದು, ಅದರ ಮುಂದಿನ ಅರ್ಧವನ್ನಷ್ಟೇ ಬಿಚ್ಚಿ, ನಡುವೆ ಒಂದು ಜೋಡಣೆಯ ತಟ್ಟೆಯಿಟ್ಟು ತನ್ನ ಕೇಸಿನ ಮುಂದೆ ಸೇರಿಸಿದರೆ? ವೇಗ ಎರಡು ಸಲ ಇಳಿಯುತ್ತದೆ. 2.28 × 2.28 ಎಂದರೆ 5.2. ಎರಡು ಕೋಲು ಬರುತ್ತವೆ. ಬೇಕಾದಾಗ ಒಂದು, ಬೇಕಾದಾಗ ಎರಡೂ. ಪೆಟ್ಟಿಗೆ ಉದ್ದವಾಗುವುದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಬೇಕು, ಮುಂದಿನದನ್ನು ಉದ್ದ ಮಾಡಿಸಬೇಕು.

ಈಗ ಮತ್ತೆ ಗುಣಿಸಿ. 3.93 × 5.2 × 5.29 ಎಂದರೆ ಸುಮಾರು 108. ಎಂಜಿನ್ 800 ಸುತ್ತಿನಲ್ಲಿ ಸುಮ್ಮನೆ ಗುರುಗುಟ್ಟುತ್ತಿರುವಾಗ 35 ಇಂಚಿನ ಟೈರು ನಿಮಿಷಕ್ಕೆ ಏಳೂವರೆ ಸುತ್ತೂ ತಿರುಗುವುದಿಲ್ಲ. ವೇಗ ಗಂಟೆಗೆ ಒಂದೂಕಾಲು ಕಿಲೋಮೀಟರ್. ಕೋಲೂರಿಕೊಂಡು ನಡೆಯುವ ಅಜ್ಜನೂ ಇದನ್ನು ದಾಟಿ ಹೋಗುತ್ತಾನೆ. ಅಷ್ಟು ನಿಧಾನವಾದಾಗ ಡ್ರೈವರಿಗೆ ಯೋಚಿಸಲು ಸಮಯ ಸಿಗುತ್ತದೆ. ಟೈರು ಬಂಡೆಯ ಯಾವ ಏಣಿನ ಮೇಲೆ ಕೂರಬೇಕೆಂದು ಬೆರಳೆಣಿಕೆಯ ಲೆಕ್ಕದಲ್ಲಿ ಇಡಬಹುದು. ಕ್ಲಚ್ಚನ್ನು ಮುಟ್ಟಬೇಕಿಲ್ಲ. ಇಳಿಯುವಾಗಲೂ ಅದೇ 108 ಕೆಲಸ ಮಾಡುತ್ತದೆ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಹೊರಟವನ ಡ್ರಮ್ಮು ಕಾದು, ಅರ್ಧ ಇಳಿದ ಮೇಲೆ ಬ್ರೇಕು ಕೈಕೊಡುವ ಭಯ ಇವರಿಗಿಲ್ಲ. ಗ್ಯಾರೇಜಿನವರ ಈ ಬುದ್ಧಿಯನ್ನು ಕೊನೆಗೆ ಕಂಪನಿಗಳೂ ಒಪ್ಪಿಕೊಂಡವು. 2003ರ ಮಾದರಿಯಾಗಿ ಜೀಪ್ ಕಂಪನಿ ಇದೇ ಹಾದಿಯ ಹೆಸರಿಟ್ಟು 'ರ‍್ಯಾಂಗ್ಲರ್ ರುಬಿಕಾನ್' ತಂದಾಗ ಅದರ ಟ್ರಾನ್ಸ್‌ಫರ್ ಕೇಸಿನ 'ಲೋ' ನಾಲ್ಕು ಪಟ್ಟಿನದಾಗಿತ್ತು.

ಇಷ್ಟು ಕೇಳಿದ್ದೇ ಮಾಣಿಯ ಕಣ್ಣು ಮಿನುಗಿತು. "ಸರ್, ಗುಜರಿಯಲ್ಲಿ ಇನ್ನೊಂದು ಕೇಸ್ ಸಿಗಬಹುದಾ?" ಎಂದ. ಅಪ್ಪ ನನ್ನ ಮುಖವನ್ನೇ ನೋಡಿದರು. ಬುದ್ಧಿ ಹೇಳಿ ಎಂದು ಕರೆತಂದರೆ ಈ ಮೇಷ್ಟ್ರು ಬೆಂಕಿಗೆ ತುಪ್ಪ ಹಾಕುತ್ತಿದ್ದಾರಲ್ಲ ಎಂಬ ಭಾವ.

ಹಾಗಾಗಿ ಕತೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕಾಯಿತು. 108 ಪಟ್ಟು ಎಂದರೆ ಚಕ್ರದ ಬಳಿ ಟಾರ್ಕ್ 20 ಸಾವಿರ ನ್ಯೂಟನ್ ಮೀಟರ್ ದಾಟುತ್ತದೆ. ನೆಲ ತಳ್ಳುವ ಬಲ ನಾಲ್ಕೂವರೆ ಟನ್ನಿಗೂ ಹೆಚ್ಚು, ಅಂದರೆ ಗಾಡಿಯ ತೂಕದ ಮೂರು ಪಟ್ಟು. ಇಷ್ಟನ್ನು ಟೈರು ನೆಲಕ್ಕೆ ದಾಟಿಸಲಾರದು, ಅದಕ್ಕೂ ಮೊದಲೇ ಜಾರುತ್ತದೆ. ಜಾರುವುದೇ ಕ್ಷೇಮ. ಆದರೆ ಟೈರು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಜಾರಲೂ ಆಗದಿದ್ದರೆ? ಆಗ ಏನಾದರೊಂದು ಮುರಿಯಲೇಬೇಕು. ಟೊಯೋಟಾದಲ್ಲಿ ಮೊದಲು ಮುರಿಯುವುದು ಮುಂದಿನ ಚಕ್ರದ ಬುಡದಲ್ಲಿರುವ ಬರ್ಫೀಲ್ಡ್ ಎಂಬ ಜಾಯಿಂಟ್. ಚಕ್ರ ಪಕ್ಕಕ್ಕೆ ತಿರುಗಿದ್ದಾಗಲೂ ಶಾಫ್ಟ್ ಒಂದೇ ಸಮನಾಗಿ ಸುತ್ತುವಂತೆ ಗುಂಡುಗಳ ಮೇಲೆ ಕೂರಿಸಿದ ಜಾಯಿಂಟ್ ಅದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಬಲ ಕೊಟ್ಟರೆ ಪಟಾಕಿ ಹೊಡೆದಂತೆ ಸಿಡಿಯುತ್ತದೆ. ಅದರ ಬದಲು ಗಟ್ಟಿ ಉಕ್ಕಿನದು ಹಾಕಿದಿರೋ, ಪೆಟ್ಟು ಮುಂದಿನವರ ಮೇಲೆ ಬೀಳುತ್ತದೆ: ಹಬ್ಬಿನ ಬೋಲ್ಟು, ಇಲ್ಲವೇ ಕ್ರೌನ್-ಪಿನಿಯನ್. ಬರ್ಫೀಲ್ಡ್ ಆದರೆ ಹಾದಿಯಲ್ಲೇ ಬಿಚ್ಚಿ ಹಾಕಬಹುದು. ಪಿನಿಯನ್ ಹೋದರೆ ಬಂಡೆಗಳ ನಡುವೆ ರಾತ್ರಿ ಕಳೆಯಬೇಕು. ಆದ್ದರಿಂದ ಹಳೆಯ ಅನುಭವಸ್ಥರಲ್ಲಿ ಎಷ್ಟೋ ಮಂದಿ ಎಲ್ಲವನ್ನೂ ಗಟ್ಟಿ ಮಾಡಲು ಹೋಗದೆ, ಸುಲಭಕ್ಕೆ ಬದಲಿಸಬಹುದಾದ ಒಂದನ್ನು ಬಲಹೀನವಾಗಿಯೇ ಬಿಟ್ಟು, ಅದರ ಬಿಡಿಭಾಗವನ್ನು ಜೊತೆಗೆ ಒಯ್ಯುತ್ತಾರೆ. ಮನೆಯ ಕರೆಂಟಿಗೆ ಫ್ಯೂಸ್ ಹಾಕುವುದೂ ಇದೇ ಕಾರಣಕ್ಕೆ.

ಡಿಫರೆನ್ಷಿಯಲ್ ಲಾಕಿನದೂ ಇಂಥದೇ ಕತೆ. ಮಾಮೂಲಿ ಡಿಫರೆನ್ಷಿಯಲ್ ಎರಡು ಚಕ್ರಕ್ಕೂ ಸಮಾನ ಟಾರ್ಕ್ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದಕ್ಕೆ ಬೇಕಾದದ್ದು ಸೊನ್ನೆಯ ಹತ್ತಿರ. ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಗಾಡಿ ನಿಂತಲ್ಲೇ ನಿಂತು ಒಂದು ಚಕ್ರ ಗಿರಗಿರ ತಿರುಗುವುದನ್ನು ಕೆಸರಿನಲ್ಲಿ ನೋಡಿಲ್ಲವೇ? ಲಾಕ್ ಹಾಕಿದರೆ ಎರಡೂ ಚಕ್ರ ಒಂದೇ ಕಂಬಿಯಂತೆ ಸುತ್ತುತ್ತವೆ. ಗಾಳಿ ಒತ್ತಿ ಬೇಕಾದಾಗ ಹಾಕಿ ತೆಗೆಯುವ ಲಾಕುಗಳಿವೆ, ದುಬಾರಿ. ದುಡ್ಡಿಲ್ಲದವರು ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಬಿಡುತ್ತಾರೆ. ಬಂಡೆಯ ಮೇಲೆ ಅದು ನಡೆಯುತ್ತದೆ, ಊರ ರಸ್ತೆಯಲ್ಲಿ ನಡೆಯುವುದಿಲ್ಲ. ಏಕೆಂದು ಲೆಕ್ಕ ಹಾಕಿ: ಎಡ ಬಲ ಚಕ್ರಗಳ ಅಂತರ ಒಂದೂವರೆ ಮೀಟರ್ ಇದ್ದು, ಗಾಡಿ ಒಂದು ಪೂರ್ತಿ ವೃತ್ತ ಸುತ್ತಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 9.4 ಮೀಟರ್ ಹೆಚ್ಚು ಓಡಬೇಕು. ವೃತ್ತ ಚಿಕ್ಕದಾಗಲಿ, ಊರಿನಷ್ಟು ದೊಡ್ಡದಾಗಲಿ, ವ್ಯತ್ಯಾಸ ಅಷ್ಟೇ! ವೃತ್ತದ ಪರಿಧಿಯ ಸೂತ್ರ ಗೊತ್ತಿದ್ದವರು ಇದನ್ನು ಎರಡು ಸಾಲಿನಲ್ಲಿ ಸಾಧಿಸಬಹುದು, ಪ್ರಯತ್ನಿಸಿ. ವೆಲ್ಡ್ ಮಾಡಿದ ಗಾಡಿಯಲ್ಲಿ ಆ 9.4 ಮೀಟರ್ ಅಷ್ಟನ್ನೂ ಟೈರು ಉಜ್ಜಿಯೇ ತೀರಿಸಬೇಕು. ಮಳೆಯ ದಿನ ತಿರುವಿನಲ್ಲಿ ಅದು ಗಾಡಿಯನ್ನು ನೇರಕ್ಕೆ ನೂಕುತ್ತದೆ.

ಕೊನೆಯದಾಗಿ ಪಾಲಕರಿಗೆ ಒಂದು ವಿಷಯ. ಅಮೆರಿಕದವರು ಮಾಡಿದ್ದನ್ನೆಲ್ಲ ನಾವಿಲ್ಲಿ ಮಾಡಿ ರಸ್ತೆಗಿಳಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರ ಕಂಪನಿ ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದಾಯಿತು. ದಂಡ ಬೀಳುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಅಂದರೆ ಅಪ್ಪನಿಗೆ. ಇದನ್ನು ಕೇಳಿದ ಮೇಲೆ ಮಿತ್ರರು ಮೊದಲ ಬಾರಿಗೆ ಕಾಫಿ ಲೋಟಕ್ಕೆ ಕೈ ಹಾಕಿದರು.

ಹಳೆಯ ಟೈರುಗಳು ಅಟ್ಟದಿಂದ ಇಳಿದು ವಾಪಸ್ ಬಂದವು. ಹೊಸ ಕ್ಲಚ್ ಪ್ಲೇಟು ಬಿತ್ತು. ಚಿಕ್ಕ ಕೋಲನ್ನು ಸಡಿಲಿಸಲು ಮೆಕ್ಯಾನಿಕ್ಕು ಅರ್ಧ ದಿನ ತೆಗೆದುಕೊಂಡ. ಮಾಣಿ ಮಾತ್ರ ಸುಮ್ಮನಿರಲಿಲ್ಲ. ನಮ್ಮ ಗಾಡಿಯ ಗೇರು ಎಷ್ಟು ಪಟ್ಟಿನದೆಂದು ಪುಸ್ತಕ ನೋಡದೆ ತಿಳಿಯುವುದು ಹೇಗೆ ಎಂದು ಕೇಳಿದ. ಹೇಳಿಕೊಟ್ಟೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಬಂದ್ ಮಾಡಿ, ಗೇರು ನ್ಯೂಟ್ರಲ್ಲಿಗೆ ಹಾಕಿ, ಹಿಂದಿನ ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಒಂದೊಂದು ಗೆರೆ ಎಳೆಯಬೇಕು. ಗಾಡಿಯನ್ನು ನೇರವಾಗಿ, ನಿಧಾನ ತಳ್ಳುತ್ತ, ಟೈರು ಸರಿಯಾಗಿ ಐದು ಸುತ್ತು ಮುಗಿಸುವಾಗ ಶಾಫ್ಟ್ ಎಷ್ಟು ಸುತ್ತು ಸುತ್ತಿತೆಂದು ಪಕ್ಕದಲ್ಲಿ ದೂರ ನಿಂತು ಎಣಿಸಬೇಕು. ಗಾಡಿಯ ಅಡಿಗೆ ಮಾತ್ರ ಯಾರೂ ತಲೆ ಹಾಕಕೂಡದು.

ಹೋದ ಭಾನುವಾರ ಅಡಿಕೆ ಒಣಗಿಸುವ ಅಂಗಳದಲ್ಲಿ ಪ್ರಯೋಗ ನಡೆಯಿತು. ಅಪ್ಪ ಸ್ಟಿಯರಿಂಗ್ ಹಿಡಿದು ಕಿಟಕಿಯಿಂದ ತಳ್ಳಿದರು, ಮಗ ಹಿಂದಿನಿಂದ ತಳ್ಳಿದ, ಕೆಲಸದವನೂ ಕೈ ಹಚ್ಚಿದ. ಈ ಸಲ ಅವನು ಹಿಂದಿನಿಂದಲ್ಲ, ಪಕ್ಕದಿಂದ. ಎಣಿಸುವ ಕೆಲಸ ಮನೆಯೊಡತಿಯದು. ಐದನೆಯ ಸುತ್ತಿಗೆ ಗಾಡಿ ನಿಂತಾಗ ಮಾಣಿ "ಇಪ್ಪತ್ತು ಅಲ್ವಾ ಅಮ್ಮ?" ಎಂದ. "ಇಪ್ಪತ್ತಲ್ಲ, ಗೆರೆ ಇನ್ನೂ ಆ ಕಡೆಗಿದೆ. ಇಪ್ಪತ್ತೂವರೆ" ಎಂದರು ಅವರು. ಮಗ ಐದರಿಂದ ಭಾಗಿಸಿದ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ತಳ್ಳೋಣ ಎಂದರು.